ಹೊರೆಗಲ್ಲು ಯಾರ ಗುರುತು?

ನಮ್ಮ ಕೇರಿಯಿಂದ ಬೆಂಗಳೂರು–ಮೈಸೂರು ಹಳೇ ರಸ್ತೆಗೆ ಬಂದು ಕೂಡುವ ಕಡೆ ಒಂದು ಹೊರೆಗಲ್ಲಿತ್ತು. ನೆಟ್ಟ ಎರಡು ಕಲ್ಲುಕಂಬ, ಮೇಲೊಂದು ಅಡ್ಡ ಚಪ್ಪಡಿ, ಅಷ್ಟೆ. ಎತ್ತರ ಸರಿಯಾಗಿ ಒಬ್ಬ ಹೆಂಗಸಿನ ಹೆಗಲ ಮಟ್ಟ. ಸೌದೆಯನ್ನೋ ಹುಲ್ಲನ್ನೋ ಹೊತ್ತು ಮದ್ದೂರಿಗೆ ನಡೆಯುವವರು ಅಲ್ಲಿ ನಿಂತು, ಬಗ್ಗದೆ, ಇನ್ನೊಬ್ಬರ ಕೈ ಬೇಡದೆ, ಹೊರೆಯನ್ನು ಕಲ್ಲಿನ ಮೇಲೆ ಜಾರಿಸಬಹುದಿತ್ತು. ಬೆವರು ಒರೆಸಿಕೊಂಡು ಮತ್ತೆ ತಲೆಗೆ ಎಳೆದುಕೊಳ್ಳಬಹುದಿತ್ತು. ನಾನು ಬಿ.ಎ. ಓದುತ್ತಿದ್ದಾಗ ಒಂದು ಸಂಜೆ ಬಸ್ಸಿಳಿದು ನೋಡಿದರೆ ಕಂಬ ಎರಡೂ ಉರುಳಿದ್ದವು. ಚಪ್ಪಡಿ ಚರಂಡಿಯ ಮೇಲೆ ಕಾಲುದಾರಿಯಾಗಿತ್ತು.

ನನಗೆ ಸಿಟ್ಟು ಬಂತು. ಒಂದು ಕಚೇರಿಗೆ ಹೋಗಿ ಅರ್ಜಿ ಕೊಟ್ಟೆ. ಅಲ್ಲಿದ್ದವರು ಕೇಳಿದ್ದು ಮೂರೇ ಪ್ರಶ್ನೆ: ಶಾಸನ ಇದೆಯಾ? ಶಿಲ್ಪ ಇದೆಯಾ? ಯಾವ ರಾಜರ ಕಾಲದ್ದು? ಮೂರಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಮನೆಗೆ ಬಂದು ಅಜ್ಜಿಯ ಮುಂದೆ ಕೂಗಾಡಿದೆ. ಆಕೆ ಎಲೆ ಅಡಿಕೆ ಕುಟ್ಟುತ್ತಾ ಅಂದಳು:

“ಬುಡ್ಲಾ ಮಗ, ಹೋಗ್ಲಿ. ಆ ಕಲ್ಲು ನಮ್ಗ್ಯಾಕೆ ಬೇಕಾಗಿತ್ತು ಗೊತ್ತಾ? ನಮ್ ಹೊರೆ ಇಳ್ಸೋಕೆ ಯಾರೂ ಕೈ ಕೊಡ್ತಿರ್ಲಿಲ್ಲ, ಅದ್ಕೆ. ಮುಟ್ಟುದ್ರೆ ಮೈಲಿಗೆ. ಮನ್ಸ ಮಾಡ್ದೇ ಇದ್ದ ಕೆಲ್ಸಾನ ಕಲ್ಲು ಮಾಡ್ತಿತ್ತು. ಅಂಥ ಕಲ್ಲು ಉಳುದ್ರೆಷ್ಟು, ಹೋದ್ರೆಷ್ಟು?”

ಗೆಳೆಯರೇ, ನನ್ನ ಓದೆಲ್ಲ ಈ ಮಾತಿನ ಮುಂದೆ ಮೂಕವಾಯಿತು. ಹೊರೆಗಲ್ಲು ನಮಗಾಗಿಯೇ ನಿಲ್ಲಿಸಿದ್ದಲ್ಲ, ನಿಜ. ಹೊರೆ ಹೊತ್ತ ಬಡವರೆಲ್ಲ ಅದನ್ನು ಬಳಸಿದ್ದಾರೆ. ಆದರೆ ಬೇರೆಯವರಿಗೆ ಕಲ್ಲಿಲ್ಲದ ಕಡೆ ‘ಅಣ್ಣಾ, ಒಂಚೂರು ಕೈ ಕೊಡು’ ಅನ್ನುವ ದಾರಿಯಾದರೂ ಇತ್ತು. ನನ್ನಜ್ಜಿಗೆ ಅದಿರಲಿಲ್ಲ. ರಸ್ತೆ ಬದಿಯ ಮೈಲಿಗಲ್ಲನ್ನು ಚಿಕ್ಕವನಿದ್ದಾಗ ನಾನು ಮೈಲಿಗೆಯ ಕಲ್ಲು ಅಂತಲೇ ತಿಳಿದಿದ್ದೆ. ಆ ತಪ್ಪು ಅಷ್ಟೇನೂ ದೊಡ್ಡ ತಪ್ಪಲ್ಲ ಅಂತ ಈಗ ಅನ್ನಿಸುತ್ತದೆ.

ಹಾಗಾದರೆ ಪ್ರಶ್ನೆ ಇದು: ನಮ್ಮ ಅವಮಾನದ ಗುರುತನ್ನು ನಾವೇ ಕಾಪಾಡಬೇಕೆ?

ಉತ್ತರ ಹುಡುಕುವ ಮೊದಲು, ಇದೇ ದಾರಿಯಲ್ಲಿ ಯಾವುದನ್ನು ಕಾಪಾಡಿದ್ದಾರೆ ನೋಡೋಣ. ಶ್ರೀರಂಗಪಟ್ಟಣದಲ್ಲಿ ರೈಲುಹಳಿ ಜೋಡಿ ಮಾಡಲು ಟಿಪ್ಪುವಿನ ಕಾಲದ ಮದ್ದಿನಮನೆ ಅಡ್ಡ ಬಂತು. 2017ರಲ್ಲಿ ಆ ಇಡೀ ಕಟ್ಟಡವನ್ನು ಒಡೆಯದೆ, ಬುಡಸಮೇತ ಎತ್ತಿ, ನೂರು ಮೀಟರಿಗೂ ಹೆಚ್ಚು ದೂರ ಸರಿಸಿ ಕೂರಿಸಿದರು. ಒಳ್ಳೆಯ ಕೆಲಸ. ನನಗೆ ಹೊಟ್ಟೆಕಿಚ್ಚಿಲ್ಲ. ಅದೇ ಊರಲ್ಲಿ ಕಾವೇರಿಗೆ ಕಟ್ಟಿದ ಹಳೇ ಕಲ್ಲುಸೇತುವೆ ಇದೆ. ದಿವಾನ್ ಪೂರ್ಣಯ್ಯನವರ ಆಡಳಿತದಲ್ಲಿ 1804ರಲ್ಲಿ ಮುಗಿದದ್ದು. ಅದಕ್ಕೆ ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರು. ಬಂಡೆ ಸೀಳಿದವರು, ಕಲ್ಲು ಹೊತ್ತವರು ಯಾರು? ಅವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ತಮಿಳುನಾಡಿನಲ್ಲಿ ಹೊರೆಗಲ್ಲಿಗೆ ಸುಮೈತಾಂಗಿ ಅನ್ನುತ್ತಾರೆ. ಬಸುರಿಯಾಗಿದ್ದಾಗಲೇ ತೀರಿಕೊಂಡ ಹೆಣ್ಣುಮಕ್ಕಳ ನೆನಪಿಗೆ ಅವನ್ನು ನಿಲ್ಲಿಸುವ ಪದ್ಧತಿ ಇತ್ತು. ಅಲ್ಲಿಯೂ ನೆನಪು ಸತ್ತವರದ್ದು, ಪುಣ್ಯ ನಿಲ್ಲಿಸಿದವರದ್ದು. ಹೊತ್ತವಳ ಲೆಕ್ಕ ಎಲ್ಲಿದೆ?

ನಮ್ಮ ಚರಿತ್ರೆಗೆ ಬೇಕಾದ ಗುರುತುಗಳು ಸಾಮಾನ್ಯವಾಗಿ ಗುರುತೇ ಇಲ್ಲದ ಜಾಗಗಳು. 1901ರಲ್ಲಿ ಬಾಲಕ ಅಂಬೇಡ್ಕರ್ ಅಣ್ಣನ ಜೊತೆ ಸಾತಾರದಿಂದ ಹೊರಟು ಮಸೂರು ಸ್ಟೇಷನ್ನಿನಲ್ಲಿ ಇಳಿದರು. ಕೋರೆಗಾಂವಿನಲ್ಲಿದ್ದ ಅಪ್ಪನ ಬಳಿಗೆ ಹೋಗಬೇಕಿತ್ತು. ಜಾತಿ ತಿಳಿದ ಮೇಲೆ ಗಾಡಿ ಹೊಡೆಯಲು ಯಾರೂ ಒಪ್ಪಲಿಲ್ಲ. ಎರಡರಷ್ಟು ಬಾಡಿಗೆ ಕೊಟ್ಟು ಮಕ್ಕಳೇ ಗಾಡಿ ಹೊಡೆದರು, ಗಾಡಿಯವನು ಪಕ್ಕದಲ್ಲಿ ನಡೆದು ಬಂದ. ರಾತ್ರಿ ಸುಂಕದ ಕಟ್ಟೆಯಲ್ಲಿ ನೀರು ಕೇಳಿದರೆ ಅದೂ ಸಿಗಲಿಲ್ಲ. ಬುತ್ತಿಯಿದ್ದೂ ಹಸಿದು ಮಲಗಿದರು. ಇದನ್ನು ಅವರೇ ಬರೆದಿಟ್ಟಿದ್ದಾರೆ. ಬರೆಯದೇ ಹೋಗಿದ್ದರೆ ಆ ಸುಂಕದ ಕಟ್ಟೆ ಬರೀ ಸುಂಕದ ಕಟ್ಟೆ. ಬರೆದದ್ದರಿಂದ ಅದು ಈ ದೇಶದ ಮೇಲೆ ಹೊರಿಸಿದ ಆಪಾದನೆ. ಕಲ್ಲು ತಾನಾಗಿ ಮಾತಾಡುವುದಿಲ್ಲ, ಸಾಕ್ಷಿ ನುಡಿಯುವವರು ಬೇಕು.

ಈಗ ಹಳೇ ರಸ್ತೆಯ ಮೇಲೆ ಎಲ್ಲರಿಗೂ ಪ್ರೀತಿ ಉಕ್ಕಿದೆ. 2023ರ ಮಾರ್ಚಿನಲ್ಲಿ 118 ಕಿಲೋಮೀಟರಿನ ಹೊಸ ಹೆದ್ದಾರಿ ಉದ್ಘಾಟನೆಯಾಯಿತು. ರಾಮನಗರ, ಚನ್ನಪಟ್ಟಣ, ಮಂಡ್ಯಗಳನ್ನು ಬಳಸಿಕೊಂಡು ಕಾರುಗಳು ಹಾರಿಹೋಗುತ್ತವೆ. ಚನ್ನಪಟ್ಟಣದ ಬೊಂಬೆ ಅಂಗಡಿಗಳ ಮುಂದೆ, ಮದ್ದೂರು ವಡೆಯ ಹೋಟೆಲುಗಳ ಮುಂದೆ ನಿಲ್ಲುವ ಗಾಡಿ ಕಡಿಮೆಯಾಯಿತು. ಆ ವ್ಯಾಪಾರಿಗಳ ಸಂಕಟ ನಿಜವಾದದ್ದು. ಆದರೆ ಕಾರಿನಲ್ಲಿ ಕೂತು ‘ಆ ಸಾಲುಮರ, ಆ ವಡೆ, ಆ ಕಾಲ’ ಎಂದು ನಿಟ್ಟುಸಿರು ಬಿಡುವವರ ನೆನಪಿನಲ್ಲಿ ಹೊರೆ ಹೊತ್ತ ಕತ್ತು ಒಂದಾದರೂ ಇದೆಯೇ? 2023ರ ಆಗಸ್ಟ್ 1ರಿಂದ ಹೊಸ ಹೆದ್ದಾರಿಯ ಮುಖ್ಯ ದಾರಿಯಲ್ಲಿ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಪ್ರವೇಶ ನಿಲ್ಲಿಸಿದರು. ಅಪಘಾತ ತಪ್ಪಿಸಲು ಎನ್ನುವ ಕಾರಣ ಸುಳ್ಳಲ್ಲ. ಆದರೂ ಬಡವರ ಗಾಡಿಗೆ ಪಕ್ಕದ ದಾರಿ ಎಂಬುದು ನಮ್ಮ ಕೇರಿಗೆ ಹೊಸ ಸುದ್ದಿಯೇನಲ್ಲ.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ಆ ಕಲ್ಲನ್ನು ಒಡೆಯುವ ಹಕ್ಕು ಯಾರಿಗಾದರೂ ಇದ್ದರೆ ಅದು ಹೊತ್ತ ನನ್ನಜ್ಜಿಗೆ. ಆಕೆ ಅದನ್ನು ಕೆಡವಿದ್ದರೆ ಅದು ಬಂಡಾಯ. ಅದೇನೆಂದು ಗೊತ್ತೇ ಇಲ್ಲದವರು ಕೆಡವಿದರೆ ಅದು ಸಾಕ್ಷಿನಾಶ. ಕಲ್ಲು ಹೋದ ಮಾತ್ರಕ್ಕೆ ಅವಮಾನ ಹೋಗುವುದಿಲ್ಲ. ‘ನಮ್ಮೂರಲ್ಲಿ ಹಂಗೆಲ್ಲ ಏನೂ ಇರ್ಲಿಲ್ಲಪ್ಪ’ ಅನ್ನುವವರಿಗೆ ಒಂದು ಅನುಕೂಲ ಆಗುತ್ತದೆ, ಅಷ್ಟೆ. ಆದರೆ ಹೊರೆ ಹೊರದ ನಾನು, ಅಜ್ಜಿಯ ಕತ್ತಿನ ಮೇಲೆ ನಿಂತು ಪದವಿ ಪಡೆದ ನಾನು, ಆಕೆಯನ್ನು ಕೇಳದೆ ಅದನ್ನು ಸ್ಮಾರಕ ಮಾಡಲು ಹೊರಟಿದ್ದೂ ಒಂದು ಬಗೆಯ ದೊಡ್ಡಸ್ತಿಕೆಯೇ. ಕಾಪಾಡುವ ಮೊದಲು ಕೇಳಬೇಕು. ಕೇಳಿದ್ದನ್ನು ಬರೆಯಬೇಕು.

ಹಳ್ಳಿಶಾಲೆಯ ಮೇಷ್ಟ್ರುಗಳಲ್ಲಿ ನನ್ನದೊಂದು ಕೇಳಿಕೆ. ಮಕ್ಕಳನ್ನು ಕೋಟೆ, ಅರಮನೆಗೆ ಕರೆದುಕೊಂಡು ಹೋಗಿ, ಬೇಡ ಅನ್ನುವುದಿಲ್ಲ. ಒಂದು ದಿನ ಊರ ಮುಂದಿನ ರಸ್ತೆಗೂ ಕರೆದುಕೊಂಡು ಹೋಗಿ. ಈ ಬಾವಿಯಲ್ಲಿ ಯಾರು ಸೇದುತ್ತಿದ್ದರು, ಯಾರು ದೂರ ನಿಲ್ಲುತ್ತಿದ್ದರು, ಅರವಟ್ಟಿಗೆಯಲ್ಲಿ ಯಾರ ಬೊಗಸೆಗೆ ನೀರು ಮೇಲಿಂದ ಬೀಳುತ್ತಿತ್ತು ಅಂತ ಅವರವರ ಅಜ್ಜಿಯರನ್ನು ಕೇಳಿಸಿ. ಕೇರಿಯ ಮಕ್ಕಳು ತರುವ ಉತ್ತರ ಬೇರೆ, ಊರ ಮಕ್ಕಳು ತರುವ ಉತ್ತರ ಬೇರೆ. ಎರಡನ್ನೂ ಒಂದೇ ಬೋರ್ಡಿನ ಮೇಲೆ ಬರೆಯಿರಿ.

ಚಪ್ಪಡಿ ಇನ್ನೂ ಚರಂಡಿಯ ಮೇಲಿದೆ. ಹುಡುಗರೆಲ್ಲ ಸೇರಿ ಅದನ್ನು ಮತ್ತೆ ನಿಲ್ಲಿಸುವ ಮಾತಾಡುತ್ತಿದ್ದೇವೆ. ಈ ಸಲ ಅಜ್ಜಿಯನ್ನು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು ಅಂದಳು: “ನಿಲ್ಸೋದಾದ್ರೆ ನಿಲ್ಸಿ. ಯಾರೋ ಪುಣ್ಯಾತ್ಮರು ಧರ್ಮಕ್ಕೆ ಹಾಕ್ಸಿದ್ರು ಅಂತ ಮಾತ್ರ ಬರೀಬ್ಯಾಡ್ರಿ.”