ಮಳಖೇಡದ ಸಿರಿ ಮತ್ತು ಅಪರಿಗ್ರಹದ ಪ್ರಶ್ನೆ

ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಂಡೆಯ ಮೇಲಿರುವ ಮಳಖೇಡವು ಒಂಬತ್ತನೆಯ ಶತಮಾನದಲ್ಲಿ ಮಾನ್ಯಖೇಟವೆಂಬ ಹೆಸರಿನಿಂದ ರಾಷ್ಟ್ರಕೂಟರ ರಾಜಧಾನಿಯಾಗಿತ್ತು; ಅರಬ್ ವರ್ತಕ ಸುಲೈಮಾನನ ಹೆಸರಿನಲ್ಲಿ ಉಳಿದಿರುವ 851ರ ವೃತ್ತಾಂತವು ಅಲ್ಲಿನ ದೊರೆಯನ್ನು ಜಗತ್ತಿನ ನಾಲ್ವರು ದೊಡ್ಡ ಅರಸರ ಸಾಲಿನಲ್ಲಿ ಎಣಿಸುತ್ತದೆ. ಇಷ್ಟು ಸಿರಿ ಬಂದು ಸೇರಿದ ಊರೇ, ಏನನ್ನೂ ತನ್ನದೆಂದು ಇಟ್ಟುಕೊಳ್ಳಬಾರದೆಂಬ ಅಪರಿಗ್ರಹವನ್ನು ಮಹಾವ್ರತವಾಗಿ ಬೋಧಿಸುವ ಜೈನರಿಗೂ ಆಶ್ರಯವಾಗಿದ್ದುದು ಮೇಲ್ನೋಟಕ್ಕೆ ವಿರೋಧವೆನಿಸಿದರೂ, ಆ ವಿರೋಧವನ್ನು ಅಲ್ಲಿನ ವಿದ್ವಾಂಸರು ಕಾಣದೆ ಹೋದವರಲ್ಲ.

ಜೈನರ ತತ್ತ್ವಾರ್ಥಸೂತ್ರದ ಪ್ರಕಾರ ಪರಿಗ್ರಹವೆಂದರೆ ವಸ್ತುವಲ್ಲ, ಅದರ ಮೇಲಿನ ಮೂರ್ಛೆ, ಎಂದರೆ ಮೈಮರೆಸುವ ಮಮಕಾರ. ಗೃಹಸ್ಥನಾದ ಶ್ರಾವಕನಿಗೆ ವಿಧಿಸಿದ್ದು ಅಣುವ್ರತ. ಅವನು ಹೊಲ, ಹೊನ್ನು, ದನಕರುಗಳಿಗೆ ತಾನೇ ಒಂದು ಮಿತಿಯನ್ನು ಗೊತ್ತುಮಾಡಿಕೊಂಡರೆ ಸಾಕು. ಆದರೆ ಮಮಕಾರವೇ ಬಂಧನವಾದರೆ ಮುನಿಯಾದರೂ ಬಟ್ಟೆಯನ್ನು ಏಕೆ ಬಿಡಬೇಕು? ದಿಗಂಬರರು ಬಟ್ಟೆ ಉಟ್ಟವರಿಗೆ ಮೋಕ್ಷವಿಲ್ಲವೆಂದರು, ಆ ಕಾರಣದಿಂದಲೇ ಸ್ತ್ರೀಯರಿಗೆ ಅದೇ ಜನ್ಮದಲ್ಲಿ ಮುಕ್ತಿಯಿಲ್ಲವೆಂದೂ ವಾದಿಸಿದರು. ರಾಷ್ಟ್ರಕೂಟ ಅರಸ ಅಮೋಘವರ್ಷನ (ಆಳ್ವಿಕೆ 814–878) ಕಾಲದಲ್ಲಿದ್ದು ತನ್ನ ವ್ಯಾಕರಣದ ವೃತ್ತಿಗೆ ಆ ದೊರೆಯ ಹೆಸರನ್ನೇ ಇಟ್ಟ ಶಾಕಟಾಯನನು ಯಾಪನೀಯ ಪಂಥದವನು. ಮುನಿಗಳ ನಗ್ನತೆಯನ್ನು ಒಪ್ಪಿಕೊಂಡೇ ಈ ಪಂಥವು ಸ್ತ್ರೀಮುಕ್ತಿಯನ್ನೂ ಎತ್ತಿಹಿಡಿಯಿತು. ಮೂರ್ಛೆಯಿಲ್ಲದಲ್ಲಿ ಉಟ್ಟ ಬಟ್ಟೆ ಪರಿಗ್ರಹವಾಗದೆಂಬ ಅವನ ವಾದವು ಸೂತ್ರವನ್ನು ಅದರ ಕೊನೆಯವರೆಗೆ ಕೊಂಡೊಯ್ಯುವಂಥದ್ದು, ತರ್ಕದಲ್ಲಿ ಎದುರಾಳಿಗಳ ವಾದಕ್ಕಿಂತ ಗಟ್ಟಿಯಾದದ್ದು. ಆದರೂ ಎದುರಾಳಿಗಳ ಅನುಮಾನ ಪೊಳ್ಳಲ್ಲ: ಸೀರೆಗೆ ಸಲ್ಲುವ ಸಮರ್ಥನೆ ಸಿಂಹಾಸನಕ್ಕೂ ಸಲ್ಲುವುದಾದರೆ ಯಾವ ಧನಿಕನೂ ತಾನು ಅಂಟಿಕೊಂಡಿಲ್ಲವೆಂದು ಹೇಳಿಕೊಳ್ಳಬಹುದು.

ಅದೇ ದೊರೆಯನ್ನು ಸ್ತುತಿಸಿದ ಮಹಾವೀರಾಚಾರ್ಯನ ಗಣಿತಸಾರಸಂಗ್ರಹವು ಜಿನನಿಗೆ ನಮಿಸಿ ಆರಂಭವಾಗಿ ಬಡ್ಡಿಯ ಲೆಕ್ಕ, ಚಿನ್ನದ ಬೆರಕೆಯ ಲೆಕ್ಕಗಳನ್ನು ಯಾವ ಸಂಕೋಚವೂ ಇಲ್ಲದೆ ಕಲಿಸುತ್ತದೆ. ಮಿತಿ ಹಾಕಿಕೊಳ್ಳಬೇಕಾದವನಿಗೆ ಎಣಿಕೆ ಬೇಕೇ ಬೇಕಲ್ಲವೇ! ಮಾನ್ಯಖೇಟದಲ್ಲಿ ಎಣಿಸಿಟ್ಟ ಸಂಪತ್ತನ್ನು 972ರ ಸುಮಾರಿಗೆ ಮಾಳವದ ಪರಮಾರ ಸೀಯಕನ ಸೈನ್ಯ ಕೊಳ್ಳೆಹೊಡೆಯಿತು, ಕವಿ ಧನಪಾಲನು ತನ್ನ ಪ್ರಾಕೃತ ಕೋಶದ ಕಾಲವನ್ನು ಆ ಲೂಟಿಯಿಂದಲೇ ಗುರುತಿಸಿದನು.

ಇಂದು ಈ ಸೀಮೆಯ ದುಡಿಮೆ ನೆಲದೊಳಗಿನ ಸುಣ್ಣಕಲ್ಲನ್ನು ನಂಬಿದೆ: ಶಹಾಬಾದಿನ ಹಾಸುಗಲ್ಲು, ವಾಡಿ ಮತ್ತು ಮಳಖೇಡದ ಸಿಮೆಂಟ್ ಕಾರ್ಖಾನೆಗಳು. ಶ್ರಾವಕನು ಬಿಡಬೇಕಾದ ಹದಿನೈದು ಕಸುಬುಗಳನ್ನು ಎಣಿಸುವಾಗ ಹನ್ನೆರಡನೆಯ ಶತಮಾನದ ಹೇಮಚಂದ್ರನು ಸ್ಫೋಟಕರ್ಮವನ್ನೂ, ಅಂದರೆ ನೆಲ ಅಗೆದು ಕಲ್ಲು ಒಡೆಯುವುದನ್ನೂ ಸೇರಿಸುತ್ತಾನೆ, ಏಕೆಂದರೆ ಜೈನರ ದೃಷ್ಟಿಯಲ್ಲಿ ಮಣ್ಣಿಗೂ ಜೀವವಿದೆ. ಮಳಖೇಡದ ನೇಮಿನಾಥ ಬಸದಿಯೂ ಯಾರೋ ಒಡೆದು ತಂದ ಕಲ್ಲಿನದೇ. ಬಸದಿ ಕಟ್ಟಿಸುವುದನ್ನು ಪುಣ್ಯವೆಂದು, ಕಲ್ಲೊಡೆಯುವ ಕಸುಬನ್ನು ವರ್ಜ್ಯವೆಂದು ಬೇರೆಮಾಡಿದ ಈ ಏರ್ಪಾಡು ಧನಿಕ ಶ್ರಾವಕನಿಗೆ ಅನುಕೂಲವಾದದ್ದು ನಿಜ, ಆದರೆ ಮಾಡುವುದು, ಮಾಡಿಸುವುದು, ಒಪ್ಪುವುದು ಈ ಮೂರರಿಂದಲೂ ಕರ್ಮ ಅಂಟುತ್ತದೆಂಬ ಅದೇ ಧರ್ಮದ ಸಿದ್ಧಾಂತವು ಅವನಿಗೆ ಆ ಅನುಕೂಲವನ್ನು ಪೂರ್ತಿಯಾಗಿ ಬಿಟ್ಟುಕೊಡುವುದಿಲ್ಲ.