ರೊಟ್ಟಿಯ ಚೂರು ಯಾರ ಹತ್ತಿರ ಇರಬೇಕು?

ನಮ್ಮ ಮನೆಗಳಲ್ಲಿ ಯಾರೂ "ಕ್ಷಮಿಸಿದ್ದೇನೆ" ಅನ್ನೋದಿಲ್ಲ. ಆ ಮಾತು ನಾಟಕದ್ದು, ಇಲ್ಲಾ ಅರ್ಜಿಯದ್ದು. ನಾವು ಅನ್ನೋದು "ಹೋಗ್ಲಿ ಬಿಡಿ" ಅಂತ. ಎರಡು ವರ್ಷದ ಹಿಂದೆ ಚಿಕ್ಕಪ್ಪನಿಗೆ ನಾನು ಹೇಳಿದ್ದೂ ಅದನ್ನೇ.

ಅಪ್ಪ ತೀರಿಕೊಂಡು ಮೂರು ತಿಂಗಳಾಗಿತ್ತು. 19 ವರ್ಷ ನಮ್ಮ ಮನೆ ಮೆಟ್ಟಿಲು ಹತ್ತದ ಚಿಕ್ಕಪ್ಪ ಒಂದು ಮಧ್ಯಾಹ್ನ ಬಂದು ಜಗಲಿಯಲ್ಲಿ ಕೂತರು. ಬ್ಯಾಂಕಿನ ಸಾಲಕ್ಕೆ ಅಂತ ಹೇಳಿ ಅಪ್ಪನ ಸಹಿ ಹಾಕಿಸಿಕೊಂಡು, ಕೆಳಗಿನ ತೋಟವನ್ನು ತಮ್ಮ ಹೆಸರಿಗೆ ಮಾಡಿಕೊಂಡವರು ಅವರು. ಅಪ್ಪ ಕೋರ್ಟಿಗೆ ಹೋಗಲಿಲ್ಲ, ಮಾತು ಬಿಟ್ಟರು ಅಷ್ಟೆ. "ಅಣ್ಣ ಅಂತೂ ಹೋದ. ನೀನಾದ್ರೂ ಮನಸ್ಸಲ್ಲಿ ಇಟ್ಕೋಬೇಡ ಮಾರಾಯ" ಅಂದರು ಚಿಕ್ಕಪ್ಪ. ಕಣ್ಣಲ್ಲಿ ನೀರಿತ್ತು. ನಾನು "ಹೋಗ್ಲಿ ಬಿಡಿ ಚಿಕ್ಕಪ್ಪ" ಅಂದೆ. ದೊಡ್ಡ ಮನಸ್ಸು ಮಾಡಿದೆ ಅಂತ ಒಳಗೊಳಗೇ ಖುಷಿಯೂ ಆಯಿತು.

ಅವರು ಹೋದ ಮೇಲೆ ಅಮ್ಮ ಅಡುಗೆಮನೆಯಿಂದ ಕೇಳಿದಳು: "ಬಿಡೋಕೆ ಅದು ನಿಂದಾಗಿತ್ತೇನೋ?"

ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ನಾನು ಮತ್ತೆ ತೆಗೆದದ್ದು ಒಂದು ಇಟಾಲಿಯನ್ ಕಾದಂಬರಿಯ ಇಂಗ್ಲಿಷ್ ಅನುವಾದ. ಅಲೆಸ್ಸಾಂದ್ರೊ ಮಾಂಝೋನಿಯ 'ಇ ಪ್ರೊಮೆಸ್ಸಿ ಸ್ಪೋಸಿ', ಅಂದರೆ ಮದುವೆ ನಿಶ್ಚಯವಾದವರು. 1827ರಲ್ಲಿ ಬಂದದ್ದು, ಆಮೇಲೆ ಲೇಖಕನೇ ಭಾಷೆ ತಿದ್ದಿ 1840ರಿಂದ ಮತ್ತೆ ಪ್ರಕಟಿಸಿದ. ಕಥೆ ನಡೆಯೋದು ಅದಕ್ಕೂ ಇನ್ನೂರು ವರ್ಷ ಹಿಂದೆ, ಸ್ಪೇನಿನ ಆಳ್ವಿಕೆಯಲ್ಲಿದ್ದ ಲೊಂಬಾರ್ದಿಯಲ್ಲಿ. ರೆಂಝೊ ಅನ್ನೋ ರೇಷ್ಮೆ ನೂಲುಗಾರನಿಗೂ ಲೂಚಿಯಾ ಅನ್ನೋ ಹುಡುಗಿಗೂ ಮದುವೆ ಆಗಬೇಕು. ಊರಿನ ಪಾಳೇಗಾರನಂಥ ದೊರೆ ದೊನ್ ರೊದ್ರಿಗೊ, ತನ್ನ ದಾಯಾದಿಯ ಜೊತೆ ಕಟ್ಟಿದ ಒಂದು ಪಂದ್ಯಕ್ಕೋಸ್ಕರ ಅದನ್ನು ತಪ್ಪಿಸುತ್ತಾನೆ. ಅಲ್ಲಿಂದ ಇಬ್ಬರೂ ದಿಕ್ಕಾಪಾಲು. ಬರಗಾಲ, ದಂಗೆ, ಕೊನೆಗೆ 1630ರ ಮಿಲಾನಿನ ಪ್ಲೇಗು.

ಹಳ್ಳಿ ಜೋಡಿಯ ಕಥೆಗಿಂತ ನನ್ನನ್ನು ಹಿಡಿದಿಟ್ಟಿದ್ದು ಅವರಿಗೆ ಸಹಾಯ ಮಾಡುವ ಕಪುಚಿನ್ ಸನ್ಯಾಸಿ ಕ್ರಿಸ್ತೊಫೊರೊ. ಅವನ ಪೂರ್ವಾಶ್ರಮದ ಹೆಸರು ಲೊದೊವೀಕೊ, ಶ್ರೀಮಂತ ವ್ಯಾಪಾರಿಯ ಮಗ. ಒಂದು ದಿನ ಬೀದಿಯಲ್ಲಿ ಗೋಡೆ ಬದಿಯ ದಾರಿ ಯಾರು ಬಿಡಬೇಕು ಅನ್ನೋ ಕ್ಷುಲ್ಲಕ ವಿಷಯಕ್ಕೆ ಒಬ್ಬ ಕುಲೀನನ ಜೊತೆ ಜಗಳವಾಗುತ್ತೆ. ಅಡ್ಡ ಬಂದ ಲೊದೊವೀಕೊನ ಹಳೇ ಆಳು ಸಾಯುತ್ತಾನೆ. ಅದನ್ನು ನೋಡಿ ಲೊದೊವೀಕೊ ಆ ಕುಲೀನನನ್ನು ಕೊಲ್ಲುತ್ತಾನೆ. ಮಠದಲ್ಲಿ ಆಶ್ರಯ ಪಡೆದು ಸನ್ಯಾಸ ತೆಗೆದುಕೊಳ್ಳುತ್ತಾನೆ. ಸತ್ತ ಆಳಿನ ಹೆಸರು ಕ್ರಿಸ್ತೊಫೊರೊ. ಅದನ್ನೇ ತನ್ನ ಹೆಸರು ಮಾಡಿಕೊಳ್ಳುತ್ತಾನೆ, ದಿನಕ್ಕೆ ಹತ್ತು ಸಲ ಯಾರಾದರೂ ಕೂಗಿದಾಗ ನೆನಪಾಗಲಿ ಅನ್ನೋ ಹಾಗೆ.

ಆಮೇಲೆ ಕೊಲೆಯಾದವನ ಅಣ್ಣತಮ್ಮಂದಿರಲ್ಲಿ ಉಳಿದ ಒಬ್ಬನ ಮನೆಗೆ ಕ್ಷಮೆ ಕೇಳಲು ಹೋಗುತ್ತಾನೆ. ಅವನೋ, ತನ್ನ ಮರ್ಯಾದೆ ಎಷ್ಟು ಜನರೆದುರು ವಾಪಸ್ ಬಂದರೆ ಅಷ್ಟು ಒಳ್ಳೇದು ಅಂತ ಬಂಧುಬಳಗವನ್ನೆಲ್ಲ ಕರೆಸಿಟ್ಟಿರುತ್ತಾನೆ. ಮೊಣಕಾಲೂರಿದವನ ಮುಖ ನೋಡಿದ ಮೇಲೆ ಆ ಬಿಗುಮಾನವೆಲ್ಲ ಇಳಿದು ಹೋಗುತ್ತೆ. ಎಬ್ಬಿಸಿ ಅಪ್ಪಿಕೊಂಡು, ಊಟ ಮಾಡಿ ಹೋಗು ಅನ್ನುತ್ತಾನೆ. ಸನ್ಯಾಸಿ ಕೇಳೋದು ಒಂದೇ ಒಂದು ರೊಟ್ಟಿ, ಕ್ಷಮೆ ಸಿಕ್ಕಿದ್ದಕ್ಕೆ ಗುರುತಾಗಿ. ಬೆಳ್ಳಿ ತಟ್ಟೆಯಲ್ಲಿ ತಂದುಕೊಡುತ್ತಾರೆ. ದಾರಿಯಲ್ಲಿ ಸ್ವಲ್ಪ ತಿಂದು, ಉಳಿದದ್ದನ್ನು ನೆನಪಿಗೆ ಅಂತ ಇಟ್ಟುಕೊಳ್ಳುತ್ತಾನೆ.

ಮೊದಲ ಸಲ ಓದಿದಾಗ ಇದು ನನಗೆ ಭಕ್ತಿಕಥೆಯ ದೃಶ್ಯದ ಹಾಗೆ ಕಂಡಿತ್ತು. ಚಿಕ್ಕಪ್ಪ ಬಂದು ಹೋದ ಮೇಲೆ ಬೇರೆ ಥರ ಕಂಡಿತು. ಇಲ್ಲೂ ಸತ್ತವನ ಪರವಾಗಿ ಇನ್ನೊಬ್ಬ ಕ್ಷಮಿಸುತ್ತಿದ್ದಾನಲ್ಲ! ಅವನಿಗೆ ಆ ಹಕ್ಕು ಕೊಟ್ಟವರು ಯಾರು? ಖಂಡಿತ ಸತ್ತವನಲ್ಲ. ಯೋಚಿಸಿದರೆ ಅವನು ಬಿಟ್ಟುಕೊಟ್ಟಿದ್ದು ತನ್ನ ಪಾಲನ್ನು ಮಾತ್ರ: ತನ್ನ ದುಃಖ, ತನ್ನ ಸಿಟ್ಟು, ತನ್ನ ಸೇಡು. ಸತ್ತವನ ಪಾಲಿನದ್ದು ಮನುಷ್ಯರ ಕೈಯಲ್ಲಿಲ್ಲ. ನಂಬಿಕೆಯಿರುವವರು ಅದನ್ನು ದೇವರಿಗೆ ಬಿಡುತ್ತಾರೆ. ನಂಬಿಕೆಯಿಲ್ಲದವರು ಅದು ಹಾಗೇ ಉಳಿದಿದೆ ಅಂತ ಒಪ್ಪಿಕೊಳ್ಳಬೇಕು.

ಇನ್ನೊಂದು ಸಂಗತಿ. ಆ ದಿನ ಸತ್ತದ್ದು ಇಬ್ಬರು. ಆಳಿಗೂ ಹೆಂಡತಿ ಇದ್ದಳು, ಎಂಟು ಮಕ್ಕಳಿದ್ದರು. ಅವರ ಮನೆಯಲ್ಲಿ ಸಭೆ ನಡೆಯಲಿಲ್ಲ, ಬೆಳ್ಳಿ ತಟ್ಟೆಯೂ ಇರಲಿಲ್ಲ. ಆದರೆ ಸನ್ಯಾಸಿಯಾಗುವಾಗಲೇ ಲೊದೊವೀಕೊ ತನ್ನ ಆಸ್ತಿಯನ್ನೆಲ್ಲ ಅವರಿಗೆ ಬರೆದುಕೊಟ್ಟಿದ್ದ. ದೊಡ್ಡಮನೆಯಲ್ಲಿ ಮೊಣಕಾಲೂರುವ ಮೊದಲು ಬಡವರ ಮನೆಗೆ ಕೊಡಬೇಕಾದ್ದನ್ನು ಕೊಟ್ಟು ಮುಗಿಸಿದ್ದ. ಕ್ಷಮೆಯ ಕಥೆ ಓದುವಾಗ ನಮಗೆ ಕಣ್ಣೀರು ನೆನಪಿರುತ್ತೆ, ಆಸ್ತಿಪತ್ರ ಮರೆತುಹೋಗುತ್ತೆ.

"ಕ್ಷಮಿಸಿ" ಅನ್ನೋ ಉಪದೇಶದ ಬಗ್ಗೆ ನನಗೆ ಯಾವಾಗಲೂ ಒಂದು ಗುಮಾನಿ. ಅದನ್ನು ಯಾವಾಗಲೂ ಪೆಟ್ಟು ತಿಂದವರಿಗೇ ಹೇಳ್ತಾರೆ, ಹೊಡೆದವರಿಗೆ ಅದರಿಂದ ಅನುಕೂಲ. ಮಾಂಝೋನಿಗೆ ಇದು ಗೊತ್ತಿತ್ತು ಅನ್ನಿಸುತ್ತೆ. ಅವನ ಸನ್ಯಾಸಿ ಮೊದಲು ಹೋಗೋದು ದೊನ್ ರೊದ್ರಿಗೊನ ಮನೆಗೇ. ಅವನೆದುರು ಕೈ ಎತ್ತಿ ಎಚ್ಚರಿಸಿ, ಬೈಸಿಕೊಂಡು ಹೊರಬೀಳುತ್ತಾನೆ. ಆ ಕೆಲಸ ಮಾಡಿದ ಮೇಲಷ್ಟೇ, ಎಷ್ಟೋ ತಿಂಗಳ ನಂತರ, ಪ್ಲೇಗಿನ ರೋಗಿಗಳನ್ನು ಕೂಡಿಹಾಕಿದ ಜಾಗದಲ್ಲಿ ರೆಂಝೊಗೆ ಕ್ಷಮಿಸು ಅನ್ನುತ್ತಾನೆ. ಲೂಚಿಯಾ ಸಿಗದಿದ್ದರೆ ಆ ರೊದ್ರಿಗೊನನ್ನು ನೋಡ್ಕೋತೀನಿ ಅಂತ ರೆಂಝೊ ಹಲ್ಲು ಕಡಿಯುತ್ತಾನೆ. ಆಗ ಸನ್ಯಾಸಿ ತನ್ನ ಕೊಲೆಯ ಮಾತು ತೆಗೆಯುತ್ತಾನೆ. ಸತ್ತವನೂ ದರ್ಪದವನೇ ಅಲ್ವಾ ಅಂತ ರೆಂಝೊ ಸಮಾಧಾನ ಹೇಳಲು ಹೋದರೆ, ಅದಕ್ಕೊಂದು ಸರಿಯಾದ ಕಾರಣ ಅಂತ ಇದ್ದಿದ್ದರೆ 30 ವರ್ಷದಲ್ಲಿ ನನಗೆ ಸಿಗುತ್ತಿರಲಿಲ್ಲವೇ ಅನ್ನುತ್ತಾನೆ. ಕೈ ಹಿಡಿದು ಒಂದು ಗುಡಿಸಲಿಗೆ ಕರೆದುಕೊಂಡು ಹೋಗುತ್ತಾನೆ. ಅಲ್ಲಿ ಪ್ಲೇಗು ತಗುಲಿ, ಪ್ರಜ್ಞೆಯಿಲ್ಲದೆ ಬಿದ್ದಿರುವವನು ದೊನ್ ರೊದ್ರಿಗೊ.

ಆ 30 ವರ್ಷದ ಮಾತಿನ ಹತ್ತಿರ ನಾನು ಪುಸ್ತಕ ಮುಚ್ಚಿ ಕೂತೆ. ಕ್ಷಮೆ ಸಿಕ್ಕಿ 30 ವರ್ಷವಾದರೂ ಅವನು ಮರೆತಿಲ್ಲ. ರೊಟ್ಟಿ ಕೊಟ್ಟವನು ಬಹುಶಃ ಮರೆತಿರಬಹುದು, ಮರೆತರೂ ತಪ್ಪಿಲ್ಲ. ನೆನಪಿಟ್ಟುಕೊಳ್ಳುವ ಕೆಲಸ ಕ್ಷಮೆ ಪಡೆದವನದ್ದು. ಒಣಗಿ ಕಲ್ಲಾದ ಚೂರು ಇರಬೇಕಾದದ್ದು ಅವನ ಜೋಳಿಗೆಯಲ್ಲಿ.

ನಮ್ಮಲ್ಲಿ ಇದು ತಿರುಗಾಮುರುಗಾ ಆಗಿದೆ. ಅಪ್ಪನ ಕಪಾಟಿನಲ್ಲಿ ಒಂದು ನೋಟ್‌ಬುಕ್ಕಿದೆ. ಕೈತಪ್ಪಿದ ತೋಟದಲ್ಲಿ ಆ ವರ್ಷ ಎಷ್ಟು ಅಡಿಕೆ ಬಂದಿರಬಹುದು, ದರ ಎಷ್ಟಿತ್ತು ಅಂತ 19 ವರ್ಷದ ಅಂದಾಜು ಬರೆದಿಟ್ಟಿದ್ದಾರೆ. ಬೆಳೆ ತೆಗೆದವರು ಒಬ್ಬರು, ಲೆಕ್ಕ ಬರೆದವರು ಇನ್ನೊಬ್ಬರು. ನನ್ನ "ಹೋಗ್ಲಿ ಬಿಡಿ"ಯಿಂದ ಚಿಕ್ಕಪ್ಪ ಹಗುರಾಗಿ ಎದ್ದು ಹೋದರು. ನೋಟ್‌ಬುಕ್ಕು ಮಾತ್ರ ನಮ್ಮ ಮನೆಯಲ್ಲೇ ಉಳಿಯಿತು.

ಕಾದಂಬರಿಯ ಕೊನೆಗೆ, ಸ್ವತಃ ಪ್ಲೇಗು ತಗುಲಿರುವ ಸನ್ಯಾಸಿ ಆ ಚೂರನ್ನು ಮರದ ಪುಟ್ಟ ಡಬ್ಬಿಯಲ್ಲಿಟ್ಟು ರೆಂಝೊ-ಲೂಚಿಯಾರಿಗೆ ಕೊಡುತ್ತಾನೆ, ನಿಮ್ಮ ಮಕ್ಕಳಿಗೆ ತೋರಿಸಿ ಅಂತ. ಇದು ನನ್ನನ್ನು ಕಾಡಿತು. ಅನ್ಯಾಯ ಆಗಿದ್ದು ಅವರಿಗೆ, ಅವರ ಕೈಗೆ ಈ ಡಬ್ಬಿ ಯಾಕೆ? ನನಗೆ ಹೊಳೆದದ್ದು ಇಷ್ಟು: ಪೆಟ್ಟು ತಿಂದವರೂ ಎಲ್ಲೋ ಒಂದು ಕಡೆ ಕ್ಷಮೆ ಕೇಳಬೇಕಾದವರೇ.

ನಾನು ಎಲ್ಲಿ ಕೇಳಬೇಕು ಅನ್ನೋದು ಗೊತ್ತಾಗೋಕೆ ಎರಡು ವರ್ಷ ಹಿಡಿಯಿತು. ತೋಟ ಹೋದ ಮೇಲೆ ಬಳೆ ಮಾರಿ ನನ್ನ ಫೀಸು ಕಟ್ಟಿದವಳು ಅಮ್ಮ. ಅಪ್ಪನ ಮೌನದ ಜೊತೆ ಸಂಸಾರ ಮಾಡಿದವಳೂ ಅವಳೇ. ಅವಳನ್ನು ಒಂದು ಮಾತು ಕೇಳದೆ, ಅವಳ ಪಾಲನ್ನೂ ಸೇರಿಸಿ ನಾನು ದಾನ ಮಾಡಿಬಿಟ್ಟಿದ್ದೆ.

ಕಳೆದ ಭಾನುವಾರ ಅವಳು ಹಿತ್ತಿಲಲ್ಲಿ ಸೊಪ್ಪು ಸೋಸುತ್ತಿದ್ದಾಗ ಹೋಗಿ ಹೇಳಿದೆ. "ಅವತ್ತು ಚಿಕ್ಕಪ್ಪನಿಗೆ ನಾನು ಹಾಗೆ ಹೇಳಬಾರದಿತ್ತು ಅಮ್ಮ. ನಿನ್ನ ಕೇಳಬೇಕಿತ್ತು. ತಪ್ಪಾಯ್ತು."

ಅಮ್ಮ ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ "ಹೋಗ್ಲಿ ಬಿಡು" ಅಂದಳು.

ಬಿಡೋಕೆ ಅದು ಅವಳದ್ದೇ ಆಗಿತ್ತು. ಚಿಕ್ಕಪ್ಪನ ವಿಷಯ ಇನ್ನೂ ಬಾಕಿ ಇದೆ. ಅಮ್ಮನ ಹತ್ತಿರ ಬಂದು ಮಾತಾಡಿ ಅಂತ ಫೋನ್ ಮಾಡಿ ಹೇಳಿದ್ದೇನೆ, ನೋಟ್‌ಬುಕ್ಕನ್ನು ಕಪಾಟಿನಿಂದ ತೆಗೆದು ಜಗಲಿಯ ಮೇಜಿನ ಮೇಲೆ ಇಟ್ಟಿದ್ದೇನೆ.