ಯಾರೂ ನೋಡದ ನೆಲ

ಪ್ರತಿಯೊಂದು ಮನೆಯಲ್ಲೂ ಎರಡು ಬಗೆಯ ನೆಲವಿರುತ್ತದೆ. ಬಂದವರು ನೋಡುವ ನೆಲ ಒಂದು, ಯಾರೂ ನೋಡದ ನೆಲ ಇನ್ನೊಂದು. ಪಡಸಾಲೆಗೆ ಒಳ್ಳೆಯ ಹಾಸು ಬೇಕೆಂದರೆ ಮನೆಯಲ್ಲಿ ಯಾರೂ ಬೇಡವೆನ್ನುವುದಿಲ್ಲ. ಸೋಫಾದ ಮುಂದೆ ಒಂದು ಬಣ್ಣದ ಜಮಖಾನೆಯೋ ಕಾರ್ಪೆಟ್ಟೋ ಬಿದ್ದರೆ ಮನೆಗೇ ಕಳೆ ಬರುತ್ತದೆ ಎನ್ನುತ್ತಾರೆ. ಅದೇ ಹಾಸನ್ನು ಮಲಗುವ ಕೋಣೆಗೆ ತರುತ್ತೇನೆಂದು ಹೇಳಿ ನೋಡಿ. ‘ಅಲ್ಲಿಗೇಕೆ?’ ಎಂಬ ಪ್ರಶ್ನೆ ತಡವಿಲ್ಲದೆ ಬರುತ್ತದೆ. ಕೇಳುವವರು ಗಂಡಸರೇ ಆಗಬೇಕೆಂದಿಲ್ಲ. ಎಷ್ಟೋ ಸಲ ಅದನ್ನು ಕೇಳಿಕೊಳ್ಳುವವರು ನಾವೇ.

ಇದೇನು ಮಹಾ ಪ್ರಶ್ನೆ ಎಂದು ಬಿಟ್ಟುಬಿಡಬಹುದು. ಆದರೆ ಇದರ ಮಡಿಕೆಯೊಳಗೆ ಇನ್ನೊಂದು ಪ್ರಶ್ನೆ ಇದೆ. ಒಂದು ವಸ್ತುವಿಗೆ ಬೆಲೆ ಬರುವುದು ಯಾರೋ ನೋಡಿ ಮೆಚ್ಚಿದ್ದರಿಂದಲೋ, ಯಾರಿಗೋ ಅದರಿಂದ ಸುಖವಾದದ್ದರಿಂದಲೋ? ಹಾಗೆ ಸುಖವಾಗುವುದು ನಮಗೇ ಆದರೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ?

ನಮ್ಮ ಹಿರಿಯರಿಗೆ ಈ ಪ್ರಶ್ನೆ ಇಷ್ಟು ನೇರವಾಗಿ ಎದುರಾಗಲಿಲ್ಲ. ಅನೇಕ ಮನೆಗಳಲ್ಲಿ ಮಲಗುವುದಕ್ಕೆಂದೇ ಬೇರೆ ಕೋಣೆ ಇರುತ್ತಿರಲಿಲ್ಲ. ಹಗಲು ಊಟಕ್ಕೆ ಕೂತ ಜಾಗದಲ್ಲೇ ರಾತ್ರಿ ಚಾಪೆ, ಗಾದಿ, ಕೌದಿಗಳು ಬಿಚ್ಚಿಕೊಳ್ಳುತ್ತಿದ್ದವು. ಬೆಳಗಾದರೆ ಸುತ್ತಿಕೊಂಡು ಮೂಲೆ ಸೇರುತ್ತಿದ್ದವು. ಜಮಖಾನೆ ಮಾತ್ರ ಈ ದಿನನಿತ್ಯದ ಸಾಲಿನಲ್ಲಿ ಇರುತ್ತಿರಲಿಲ್ಲ. ಅದು ಬೇವಿನೆಲೆಯ ಜೊತೆ ಅಟ್ಟದ ಮೇಲಿರುತ್ತಿತ್ತು. ಬೀಗರು ಬಂದಾಗ, ಹೆಣ್ಣು ನೋಡಲು ಬಂದಾಗ, ಮದುವೆ ಮುಂಜಿವೆಗಳಲ್ಲಿ ಕೆಳಗಿಳಿಯುತ್ತಿತ್ತು. ಬಂದವರು ಎದ್ದು ಹೋದ ಮೇಲೆ ಝಾಡಿಸಿಕೊಂಡು ಮತ್ತೆ ಅಟ್ಟ ಹತ್ತುತ್ತಿತ್ತು. ಅದನ್ನು ಇಳಿಸಿದವರು, ಹಾಸಿದವರು, ಸುತ್ತಿಟ್ಟವರು ಮನೆಯ ಹೆಂಗಸರು. ಅದರ ಮೇಲೆ ಕಾಲು ಚಾಚಿ ಕೂತವರು ಬೇರೆಯವರು. ಅರಿಶಿನ ಕುಂಕುಮಕ್ಕೆ ಹಾಸಿದಾಗಲೂ ಕೂರುತ್ತಿದ್ದವರು ಬಂದ ಹೆಂಗಸರೇ. ಮನೆಯಾಕೆ ತಟ್ಟೆ ಹಿಡಿದು ನಿಂತೇ ಇರುತ್ತಿದ್ದಳು.

ಈಗ ಊರೂರಿನಲ್ಲೂ ಬೆಡ್‌ರೂಮುಗಳಾಗಿವೆ, ಮಂಚಗಳು ಬಂದಿವೆ, ಮಂಚದ ಕೆಳಗೆ ಕಲ್ಲೋ ಟೈಲ್ಸೋ ಇದೆ. ಅಟ್ಟ ಹೋಗಿದೆ. ಆದರೆ ಅಟ್ಟದ ಆ ಲೆಕ್ಕಾಚಾರ ನಮ್ಮ ತಲೆಯಿಂದ ಇಳಿದಿಲ್ಲ.

ನಮ್ಮ ಅಣ್ಣನ ಮಗಳು ಹುಬ್ಬಳ್ಳಿಯಲ್ಲಿ ಹೊಸ ಸಂಸಾರ ಹೂಡಿದಾಗ ಅವಳ ಜೊತೆ ನಾನೂ ನಮ್ಮ ವೈನಿಯೂ ಅಂಗಡಿಗೆ ಹೋಗಿದ್ದೆವು. ಮಂಚದ ಪಕ್ಕಕ್ಕೆ ಹಾಕಲು ಅವಳೊಂದು ನೀಲಿ ಅಂಚಿನ ನೂಲಿನ ಹಾಸನ್ನು ಆರಿಸಿದಳು. ಬೆಲೆ ಕೇಳಿದ ವೈನಿ, “ಮಲಗೂ ಖೋಲ್ಯಾಗ ಯಾರ ನೋಡತಾರಂತ ಇಷ್ಟ ರೊಕ್ಕ ಹಾಕತಿ? ಹಾಲಿಗೆ ತಗೋ, ಬಂದವರ ಕಣ್ಣಿಗಾದರೂ ಬೀಳತದ” ಎಂದರು. ಹುಡುಗಿ ನಕ್ಕು, “ಅವ್ವಾ, ನಾ ನೋಡತೀನಲ್ಲ?” ಎಂದಳು. ವೈನಿಗೆ ಈ ಮಾತು ಅರ್ಥವೇ ಆಗಲಿಲ್ಲ. “ನೀ ಏನ ಹೊರಗಿನವಳೇನ?” ಎಂದುಬಿಟ್ಟರು.

ವೈನಿ ಜಿಪುಣರಲ್ಲ. ಬಂದವರಿಗೆ ಹೋಳಿಗೆ ಬಡಿಸುವಾಗ ತುಪ್ಪದ ಕೈ ಹಿಡಿದವರಲ್ಲ. ಅವರ ಲೆಕ್ಕದಲ್ಲಿ ಮನೆಯ ಹೆಂಗಸಿನ ಕಣ್ಣು ಕಣ್ಣಲ್ಲ, ಅಷ್ಟೆ. ನೋಡುವವರು ಎಂದರೆ ಹೊರಗಿನವರು. ಒಳಗಿನವರದು ಏನಿದ್ದರೂ ಗುಡಿಸುವ, ಒರೆಸುವ ಕಣ್ಣು.

ವೈನಿಯ ಪರವಾಗಿಯೂ ಹೇಳುವುದಿದೆ, ಹೇಳದಿದ್ದರೆ ಅನ್ಯಾಯವಾಗುತ್ತದೆ. ಆ ತಲೆಮಾರಿನ ಮಿತವ್ಯಯದಿಂದಲೇ ನಮ್ಮ ಓದು ನಡೆಯಿತು, ಮದುವೆಗಳಾದವು, ತಲೆಯ ಮೇಲೊಂದು ಸೂರು ನಿಂತಿತು. ಕಂಡದ್ದನ್ನೆಲ್ಲ ಕೊಳ್ಳುವ ಈಗಿನ ಚಪಲವನ್ನು ‘ನನಗೆ ನಾನು ಕೊಡುವ ಗೌರವ’ ಎಂದು ಕರೆದುಕೊಂಡರೆ ಅದು ದೊಡ್ಡ ಗುಣವಾಗಿಬಿಡುವುದಿಲ್ಲ. ತನ್ನ ಸುಖವನ್ನು ಮುಂದಕ್ಕೆ ಹಾಕಬಲ್ಲವರು ಬಲವುಳ್ಳವರೇ. ಆದರೆ ಒಂದು ಪರೀಕ್ಷೆ ಮಾಡಬಹುದು. ನಿಜವಾದ ಮಿತವ್ಯಯ ಮನೆಯ ಎಲ್ಲ ಕಡೆಯೂ ಒಂದೇ ಅಳತೆಯಲ್ಲಿ ಕೈ ಹಿಡಿಯುತ್ತದೆ. ಪಡಸಾಲೆಗೆ ಧಾರಾಳವಾಗಿದ್ದು, ಅಡಿಗೆಮನೆಯಲ್ಲಿ ತಾಸುಗಟ್ಟಲೆ ನಿಲ್ಲುವ ಜಾಗಕ್ಕೆ, ಬಚ್ಚಲ ಹೊಸ್ತಿಲಿಗೆ, ಮಂಚದ ಪಕ್ಕಕ್ಕೆ ಮಾತ್ರ ಹರಿದ ಗೋಣಿತಾಟು ಸಾಕೆಂದರೆ ಅದನ್ನು ಮಿತವ್ಯಯ ಎನ್ನಲಾಗದು. ಅದು ಒಬ್ಬಳ ಪಾಲಿನಿಂದ ಮಾತ್ರ ಕಡಿತ ಮಾಡುವ ಲೆಕ್ಕ.

ಹಾಸನ್ನು ಎಲ್ಲಿ ಹಾಕುತ್ತೇವೆ ಎಂಬುದರಲ್ಲೇ ಈ ಲೆಕ್ಕ ಹೊರಗೆ ಬೀಳುತ್ತದೆ. ಮಲಗುವ ಕೋಣೆಗೆ ಒಂದೇ ಹಾಸು ಕೊಂಡವರು ಅದನ್ನು ಸಾಮಾನ್ಯವಾಗಿ ಮಂಚದ ಕಾಲ ಬುಡದಲ್ಲಿ, ಬಾಗಿಲಿಗೆ ಎದುರಾಗಿ ಹಾಸುತ್ತಾರೆ. ಏಕೆ? ಬಾಗಿಲಲ್ಲಿ ನಿಂತವರಿಗೆ ಕಾಣಲಿ ಎಂದು. ಆದರೆ ಮಲಗಿದವರು ಯಾರೂ ಮಂಚದ ಕಾಲ ಬುಡದಿಂದ ಇಳಿಯುವುದಿಲ್ಲ. ಬೆಳಿಗ್ಗೆ ಎದ್ದು ಮಂಚದ ಅಂಚಿನಲ್ಲಿ ಕೂತು ಕಾಲು ಇಳಿಬಿಡಿ. ಪಾದ ಎಲ್ಲಿ ನೆಲ ಮುಟ್ಟುತ್ತದೋ ಅಲ್ಲಿ ಹಾಸು ಬೇಕು.

10 ಅಡಿ ಅಗಲ, 12 ಅಡಿ ಉದ್ದದ ಕೋಣೆ, 5 ಅಡಿ ಅಗಲ, 6½ ಅಡಿ ಉದ್ದದ ಮಂಚ ಎಂದಿಟ್ಟುಕೊಳ್ಳಿ. ಮಂಚ ನಡುವೆ ಇದ್ದರೆ 8 ಅಡಿಗೆ 6 ಅಡಿಯ ಹಾಸನ್ನು ಅಡ್ಡಲಾಗಿ ಮಂಚದ ಅಡಿಗೆ ಸೇರಿಸಬಹುದು. ತಲೆಯ ಕಡೆ 2 ಅಡಿ ಬರಿನೆಲ ಬಿಟ್ಟರೆ ಎರಡೂ ಮಗ್ಗುಲಲ್ಲಿ, ಕಾಲ ಕಡೆಯಲ್ಲಿ ಒಂದೂವರೆ ಅಡಿ ಹಾಸು ಹೊರಗೆ ಉಳಿಯುತ್ತದೆ. ಅಷ್ಟು ದೊಡ್ಡದು ಬೇಡವಾದರೆ 2 ಅಡಿಗೆ 5 ಅಡಿಯ ಎರಡು ಪಟ್ಟಿಗಳನ್ನು ಎರಡೂ ಮಗ್ಗುಲಿಗೆ ಹಾಸಿದರೂ ಆಯಿತು. ಕೊಳ್ಳುವ ಮುಂಚೆ ಹಳೆಯ ಸೀರೆಯೊಂದನ್ನು ಅದೇ ಅಳತೆಗೆ ಮಡಚಿ ನೆಲಕ್ಕೆ ಹಾಕಿ, ಬಾಗಿಲೂ ಕಪಾಟಿನ ಕದವೂ ತಡೆಯಿಲ್ಲದೆ ತೆರೆಯುತ್ತವೆಯೇ ನೋಡಿ.

ಮಂಚ ಗೋಡೆಗೆ ಹತ್ತಿಕೊಂಡಿದ್ದರೆ ಹಾಸು ಒಂದೇ ಕಡೆಗೆ. ಅಂಥ ಮಂಚದ ಹೊರ ಅಂಚಿನಲ್ಲಿ ಮಲಗುವವರು ಯಾರು? ಬಹಳ ಮನೆಗಳಲ್ಲಿ ಮೊದಲು ಏಳಬೇಕಾದವಳು, ನಡುರಾತ್ರಿ ಮಗು ಅತ್ತರೆ ಎದ್ದು ಹೋಗಬೇಕಾದವಳು. ಎರಡು ಮಗ್ಗುಲೂ ತೆರೆದಿದ್ದು ಹಾಸು ಒಂದೇ ಇದ್ದರೂ, ಅದು ಅವಳ ಕಾಲ ಕೆಳಗಿರುವುದೇ ನ್ಯಾಯ. ಇದಕ್ಕೆ ದೊಡ್ಡ ಶಾಸ್ತ್ರವೇನೂ ಬೇಡ. ಡಿಸೆಂಬರಿನ ಬೆಳಗಿನ ಐದು ಗಂಟೆಗೆ ತಣ್ಣನೆಯ ಕಲ್ಲಿನ ಮೇಲೆ ಯಾರ ಪಾದ ಮೊದಲು ಬೀಳುತ್ತದೆ ಎಂದು ಕೇಳಿಕೊಂಡರೆ ಸಾಕು.

ಹಾಗೆಂದು ಎಲ್ಲ ಕೋಣೆಗೂ ಹಾಸು ಬೇಕೆಂದೇನಿಲ್ಲ. ನುಣ್ಣನೆಯ ಟೈಲ್ಸಿನ ಮೇಲೆ ಹಗುರವಾದ ಹಾಸು ಜಾರುತ್ತದೆ. ಅಡಿಯಲ್ಲಿ ರಬ್ಬರಿನ ಜಾಳಿಗೆ ಹಾಕದೆ ಬಿಡಬಾರದು. ರಾತ್ರಿ ಎರಡು ಮೂರು ಸಲ ಬಚ್ಚಲಿಗೆ ಎದ್ದು ಹೋಗುವ ಅತ್ತೆಯೋ ತಾಯಿಯೋ ಇದ್ದರೆ, ಮೂಲೆ ಮುದುಡಿದ ಹಾಸಿಗಿಂತ ಬರಿನೆಲವೇ ಮೇಲು. ಉಬ್ಬಸ ಇದ್ದವರ ಕೋಣೆಗೆ ದಪ್ಪ ಜುಂಗಿನ ಕಾರ್ಪೆಟ್ಟು ಬೇಡ. ಅದರ ಬುಡದಲ್ಲಿ ಧೂಳೂ ಕಣ್ಣಿಗೆ ಕಾಣದ ನುಸಿಯೂ ಮನೆ ಮಾಡುತ್ತವೆ. ಒಗೆಯಲು ಬರುವ ತೆಳು ನೂಲಿನದು ಒಳ್ಳೆಯದು. ಒಗೆಯುವವರು ಯಾರು ಎಂದೂ ಯೋಚಿಸಬೇಕು. ಒಣಗಿದ್ದಾಗ ಹಗುರವೆನಿಸುವ ಜಮಖಾನೆ ನೀರು ಕುಡಿದರೆ ಬಹಳ ಭಾರವಾಗುತ್ತದೆ. ಮನೆಗೆಲಸಕ್ಕೆ ಬರುವಾಕೆಯೇ ಅದನ್ನು ಎತ್ತಬೇಕಾಗಿದ್ದರೆ, ಅಳತೆ ನಿರ್ಧರಿಸುವ ಮುಂಚೆ ಅವಳ ಸೊಂಟದ ಯೋಚನೆಯೂ ಇರಲಿ. ನಮ್ಮ ಪಾದದ ಸುಖ ಇನ್ನೊಬ್ಬಳ ಬೆನ್ನುನೋವಾದರೆ ನಾವು ವೈನಿಯ ಲೆಕ್ಕವನ್ನೇ ಬೇರೊಬ್ಬರ ಮೇಲೆ ಹಾಕಿದಂತಾಯಿತು.

ಇಲ್ಲಿಗೆ ಬಂದ ಮೇಲೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗದೆ ಇರಲಾಗುವುದಿಲ್ಲ. ಹಾಸನ್ನು ಎತ್ತುವ ಕೈ ನಮಗೆ ಕಾಣುತ್ತದೆ. ನೇಯ್ದ ಕೈ ಕಾಣುವುದಿಲ್ಲ.

ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಒಂದು ತಾಸಿನ ದಾರಿ ನವಲಗುಂದ. ನವಿಲು ಊರಿನ ಹೆಸರಿನಲ್ಲೂ ಇದೆ, ಅಲ್ಲಿ ನೇಯುವ ಜಮಖಾನೆಯ ಮೇಲೂ ಇದೆ. ಪಗಡೆಯ ಹಾಸಿನಂಥ ಚಿತ್ತಾರವೂ ಅಲ್ಲಿಯದೇ. ಈ ಜಮಖಾನೆಗೆ ಸರ್ಕಾರದ ಭೌಗೋಳಿಕ ಗುರುತು ಸಿಕ್ಕಿದೆ. ನೇಯುವವರು ಮುಸಲ್ಮಾನ ಮನೆತನಗಳ ಹೆಂಗಸರು. ಅವರ ಹಿರಿಯರು ಆದಿಲಶಾಹಿಯ ಕಾಲದಲ್ಲಿ ವಿಜಾಪುರದ ಕಡೆಯಿಂದ ಬಂದರೆಂದು ಹೇಳುತ್ತಾರೆ. ಕಸಬು ಬೇರೆ ಮನೆ ಸೇರಬಾರದೆಂದು ಮಗಳಿಗೆ ಕಲಿಸದೆ ಸೊಸೆಗೆ ಕಲಿಸುವ ರೂಢಿ ಇತ್ತಂತೆ. ಮನೆಯೊಳಗೆ ಗೋಡೆಯಂತೆ ನೆಟ್ಟಗೆ ನಿಂತ ಮಗ್ಗ. ಅದರ ಮುಂದೆ ಕೂತು ಒಂದೊಂದೇ ಬಣ್ಣದ ನೂಲನ್ನು ಬೆರಳಿನಿಂದ ತೂರಿಸಿ, ಹಣಿಗೆಯಂಥ ಕಬ್ಬಿಣದ ಪಂಜಾದಿಂದ ಬಡಿದು ಬಡಿದು ಕೂಡಿಸುತ್ತಾರೆ. ಒಂದು ಹಾಸು ಮುಗಿಯಲು ಎಷ್ಟೋ ದಿನ ಬೇಕು. ಅಗ್ಗದ ಯಂತ್ರದ ಹಾಸುಗಳು ಬಂದ ಮೇಲೆ ಅಂಥ ಮಗ್ಗಗಳು ಕಡಿಮೆಯಾಗುತ್ತ ಬಂದು ಈಗ ಕೆಲವೇ ಕೈಗಳಲ್ಲಿ ಉಳಿದಿವೆ. ಅವರೂ ನಮ್ಮಂತೆ ಒಳಮನೆಯವರೇ. ಅವರ ಕೆಲಸವೂ ಪಡಸಾಲೆಗೆ ಬಂದು ಕೂತವರಿಗೆ ಕಾಣುವುದಿಲ್ಲ.

ಇದಕ್ಕಿಂತ ಕಠಿಣವಾದ ಕತೆಗಳೂ ಇವೆ. ಉತ್ತರ ಪ್ರದೇಶದ ಮಿರ್ಜಾಪುರ, ಭದೋಹಿಗಳ ಕಾರ್ಪೆಟ್ ಮಗ್ಗಗಳಲ್ಲಿ ಸಣ್ಣ ಮಕ್ಕಳನ್ನು ದುಡಿಸುತ್ತಿದ್ದುದು 1980 ಮತ್ತು 90ರ ದಶಕಗಳಲ್ಲಿ ಲೋಕಕ್ಕೆಲ್ಲ ತಿಳಿಯಿತು. ಎಳೆಯ ಬೆರಳುಗಳಿಗೇ ಸಣ್ಣ ಗಂಟು ಹಾಕಲು ಬರುತ್ತದೆ ಎಂಬ ಮಾತನ್ನು ನೆಪವಾಗಿ ಹೇಳುತ್ತಿದ್ದರು. ಆ ದಶಕದಲ್ಲೇ ನಡೆದ ಅಧ್ಯಯನಗಳು ದೊಡ್ಡವರೂ ಅದೇ ಕೆಲಸವನ್ನು ಅಷ್ಟೇ ಚೆನ್ನಾಗಿ ಮಾಡುತ್ತಾರೆಂದು ತೋರಿಸಿದವು. ಕೈಲಾಶ್ ಸತ್ಯಾರ್ಥಿಯವರ ಪ್ರಯತ್ನದಿಂದ 1994ರಲ್ಲಿ ‘ರಗ್‌ಮಾರ್ಕ್’ ಎಂಬ ಗುರುತುಚೀಟಿ ಬಂತು. ಮಕ್ಕಳ ದುಡಿಮೆ ಇಲ್ಲದೆ ನೇಯ್ದದ್ದು ಎಂದು ಪರೀಕ್ಷಿಸಿ ಹಾಸಿಗೆ ಹಚ್ಚುವ ಚೀಟಿ ಅದು. 2009ರಿಂದ ಅದರ ಹೆಸರು ‘ಗುಡ್‌ವೀವ್’. ಸತ್ಯಾರ್ಥಿಯವರಿಗೆ 2014ರಲ್ಲಿ ಮಲಾಲಾ ಯೂಸುಫ್‌ಝಾಯಿ ಜೊತೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಗಂಟು ಹಾಕಿದ ಕಾರ್ಪೆಟ್ಟು ಕೊಳ್ಳುವವರು ಇಂಥ ಚೀಟಿ ಇದೆಯೇ ಎಂದು ಅಂಗಡಿಯಲ್ಲಿ ಕೇಳಬಹುದು. ಅಂಗಡಿಯವರಿಗೆ ಉತ್ತರ ಗೊತ್ತಿಲ್ಲದಿರಬಹುದು. ಹತ್ತು ಜನ ಕೇಳಿದರೆ ತಿಳಿದುಕೊಳ್ಳುತ್ತಾರೆ.

ನಮ್ಮಲ್ಲಿ ಬೆಳಿಗ್ಗೆ ಕಾಲು ನೆಲಕ್ಕಿಡುವ ಮುನ್ನ ಭೂಮಿತಾಯಿಯ ಕ್ಷಮೆ ಕೇಳುವ ರೂಢಿ ಇದೆ. ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುತ್ತೇವೆ. ಹಾಗಿದ್ದ ಮೇಲೆ ಒಬ್ಬಳು ದಿನಗಟ್ಟಲೆ ಕೂತು ನೇಯ್ದ ನವಿಲಿನ ಮೇಲೆ ಕಾಲಿಡುವುದು ಸರಿಯೇ ಎಂದು ಒಬ್ಬ ಗೆಳತಿ ಕೇಳಿದಳು. ಅವಳು ಅಂಥದೊಂದನ್ನು ಕೊಂಡು ಗೋಡೆಗೆ ತೂಗುಹಾಕಿದ್ದಾಳೆ. ನನಗೆ ಹಾಗನಿಸುವುದಿಲ್ಲ. ತುಳಿಯಲೆಂದೇ ಗಟ್ಟಿಯಾಗಿ ನೇಯ್ದದ್ದನ್ನು ತುಳಿದರೆ ನೇಯ್ದವಳಿಗೆ ಅವಮಾನವಿಲ್ಲ. ಅಡಿಗೆ ಮಾಡಿದವಳಿಗೆ ಊಟ ಮಾಡಿದ್ದರಿಂದ ಅವಮಾನವಾಗುತ್ತದೆಯೇ? ಕೊಡಬೇಕಾದ ಬೆಲೆಯನ್ನು ಕೊಡದೆ ಹಿಸುಕಿ ಚೌಕಾಸಿ ಮಾಡಿದರೆ ಅವಮಾನ. ತಂದು ಟ್ರಂಕಿನಲ್ಲಿಟ್ಟು ಹುಳಕ್ಕೆ ಹಾಕಿದರೆ ಅವಮಾನ.

ಕೈಮಗ್ಗದ ಜಮಖಾನೆಯನ್ನು ಗುರುತಿಸಲು ಅಂಗಡಿಯಲ್ಲಿ ಅದನ್ನು ಮಗುಚಿ ನೋಡಬೇಕು. ಬಣ್ಣದ ಅಚ್ಚು ಹಾಕಿದ ಅಗ್ಗದ ಹಾಸಾದರೆ ಅದರ ಬೆನ್ನು ಪೇಲವವಾಗಿರುತ್ತದೆ. ನೇಯ್ದ ಜಮಖಾನೆಯಲ್ಲಿ ನವಿಲು ಎರಡೂ ಕಡೆ ಒಂದೇ ರೀತಿ ಇರುತ್ತದೆ. ನೆಲಕ್ಕೆ ಮುಖ ಮಾಡಿ ಬಿದ್ದಿರುವ, ಯಾರೂ ನೋಡದ ಮಗ್ಗುಲನ್ನೂ ನೇಯ್ದವಳು ಅಷ್ಟೇ ಶ್ರದ್ಧೆಯಿಂದ ನೇಯ್ದಿರುತ್ತಾಳೆ. ಮನೆ ಹೂಡುವವರು ಅವಳಿಂದ ಇಷ್ಟು ಕಲಿಯಬಹುದು. ಕೈಲಾದಷ್ಟೇ ಖರ್ಚು ಮಾಡೋಣ, ಆದರೆ ಕಾಣುವ ಕಡೆಗೊಂದು ಕಾಣದ ಕಡೆಗೊಂದು ಅಳತೆ ಬೇಡ. ದೊಡ್ಡ ಹಾಸಿಗೆ ಹಣವಿಲ್ಲದಿದ್ದರೆ ಹಳೆಯ ಸೀರೆಗಳ ಕೌದಿಯೊಂದನ್ನು ಹೊಲಿದು ಮಂಚದ ಪಕ್ಕಕ್ಕೆ ಹಾಸಿ. ವಾರಕ್ಕೊಮ್ಮೆ ಝಾಡಿಸಿ ಬಿಸಿಲಿಗೆ ಹಾಕಿ. ಯಾರು ನೋಡುತ್ತಾರೆ ಎಂದು ಯಾರಾದರೂ ಕೇಳಿದರೆ, ನಾವು ಈ ಮನೆಯಲ್ಲೇ ಇದ್ದೇವಲ್ಲ ಎಂದು ಹೇಳಿ.